ನಾಲ್ಕಡಿ ನೀರಿಗೆ ಆರೂವರೆ ಅಡಿ ಗುಂಡಿ

ಹಿತ್ತಿಲಲ್ಲಿ ಈಜುಕೊಳ ಕಟ್ಟಿಸುವವರು ಟೈಲ್ಸಿನ ಬಣ್ಣ ಆರಿಸಲು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಗುಂಡಿ ತೋಡುವ ದಿನ ಮಾತ್ರ ಎಲ್ಲವನ್ನೂ ಜೆಸಿಬಿ ಡ್ರೈವರ್ ಕೈಗೆ ಬಿಟ್ಟು ಆಫೀಸಿಗೆ ಹೊರಟುಬಿಡುತ್ತಾರೆ. ಕೊಳದ ಹಣೆಬರಹ ತೀರ್ಮಾನವಾಗುವುದು ಆ ದಿನವೇ.

‘ನಾಲ್ಕಡಿ ಆಳ ಬೇಕು’ ಎಂದಷ್ಟೇ ಹೇಳಿದರೆ ಅವರು ನಾಲ್ಕಡಿಯೇ ತೋಡುತ್ತಾರೆ. ಲೆಕ್ಕ ಹಾಕಿ ನೋಡಿ. ನೀರು 4 ಅಡಿ, ಅದರ ಮೇಲೆ ಅಂಚಿನವರೆಗೆ ಬಿಡುವ ಜಾಗ 6 ಇಂಚು, ಪ್ಲಾಸ್ಟರು-ಟೈಲ್ಸಿಗೆ 3, ಆರ್‌ಸಿಸಿ ತಳಕ್ಕೆ 8, ಅದರಡಿಯ ಪಿಸಿಸಿಗೆ (ಕಬ್ಬಿಣವಿಲ್ಲದ ಕಾಂಕ್ರೀಟಿಗೆ) 4, ಸೋಲಿಂಗ್ ಕಲ್ಲಿಗೆ 9. ಒಟ್ಟು 78 ಇಂಚು, ಅಂದರೆ ಆರೂವರೆ ಅಡಿ. ನಿಮ್ಮ ಎಂಜಿನಿಯರ್ ಕೊಡುವ ದಪ್ಪಗಳಲ್ಲಿ ಒಂದೆರಡು ಇಂಚು ಆಚೀಚೆ ಆಗಬಹುದು, ಆದರೆ ಈ ಕೂಡುವ ಲೆಕ್ಕ ಮಾತ್ರ ತಪ್ಪಿಸಿಕೊಳ್ಳುವಂಥದ್ದಲ್ಲ.

ಆಳ ಕಡಿಮೆಯಾದರೆ ಇನ್ನಷ್ಟು ಅಗೆಯಬಹುದು. ಹೆಚ್ಚಾದಾಗಲೇ ನಿಜವಾದ ಕಷ್ಟ. ಪಕ್ಕದಲ್ಲೇ ಮಣ್ಣಿನ ಗುಡ್ಡೆ ಇರುತ್ತದೆ; ಅದನ್ನೇ ಗುಂಡಿಗೆ ತಳ್ಳಿ, ನೀರು ಹೊಡೆದು, ದಿಮ್ಮಸು ಹಾಕಿ ಸಮ ಮಾಡೋಣ ಎನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಒಮ್ಮೆ ಕದಡಿದ ಮಣ್ಣು ಹಳೆಯ ಗಟ್ಟಿತನಕ್ಕೆ ಅಷ್ಟು ಸುಲಭವಾಗಿ ಮರಳುವುದಿಲ್ಲ. ನಾಲ್ಕಡಿ ನೀರೊಂದೇ ಪ್ರತಿ ಚದರ ಮೀಟರಿಗೆ 1,200 ಕಿಲೋ ಭಾರ ಹೇರುತ್ತದೆ. ತುಂಬಿದ ಜಾಗ ಕುಸಿದರೆ ತಳ ಬಿರುಕು ಬಿಡುತ್ತದೆ. ಹೆಚ್ಚಾದ ಆಳವನ್ನು ಪಿಸಿಸಿಯಿಂದಲೇ ತುಂಬಬೇಕು. 20 ಅಡಿ ಉದ್ದ, 10 ಅಡಿ ಅಗಲದ ತಳದಲ್ಲಿ ಅರ್ಧ ಅಡಿ ಹೆಚ್ಚಾದರೆ 100 ಘನ ಅಡಿ ಕಾಂಕ್ರೀಟು ಬೇಕು. ಅಷ್ಟು ಖರ್ಚು ಬೇಡವೆಂದರೆ, ಎಂಜಿನಿಯರ್ ಒಪ್ಪಿದರೆ, ಕೊಳವನ್ನೇ ಅರ್ಧ ಅಡಿ ಹೆಚ್ಚು ಆಳವಾಗಿ ಕಟ್ಟಿ.

ಇದನ್ನೆಲ್ಲ ತಪ್ಪಿಸಲು ಕೊನೆಯ ಅರ್ಧ ಅಡಿಯನ್ನು ಯಂತ್ರಕ್ಕೆ ಬಿಡದೆ ಹಾರೆ-ಗುದ್ದಲಿಯಲ್ಲೇ ತೆಗೆಸಬೇಕು. ಜೆಸಿಬಿ ಬಕೆಟ್ಟಿನ ಹಲ್ಲುಗಳು ತಾವು ಎತ್ತುವ ಮಣ್ಣಿನ ಕೆಳಗಿನದನ್ನೂ ಸಡಿಲಿಸುತ್ತವೆ. ಮಟ್ಟ ನೋಡಲು ನೀರು ತುಂಬಿದ ಟ್ಯೂಬ್ ಲೆವೆಲ್ ಸಾಕು. ಒಳ್ಳೆಯ ಮೇಸ್ತ್ರಿ ಅದನ್ನು ಗೋಡೆಗೆ ಹಿಡಿಯುವ ಮೊದಲು ಉದ್ದಕ್ಕೂ ಬೆರಳಿನಿಂದ ತಟ್ಟುತ್ತಾ ಬಂದು ಗಾಳಿಗುಳ್ಳೆಗಳನ್ನೆಲ್ಲ ಹೊರಡಿಸುತ್ತಾರೆ; ಒಂದು ಗುಳ್ಳೆ ಉಳಿದರೂ ಎರಡು ತುದಿಗಳ ನೀರು ತಾಳೆಯಾಗುವುದಿಲ್ಲ. ಆಮೇಲೆ ಕಾಂಪೌಂಡಿನ ಮೇಲೆ ಒಂದು ಗೆರೆ ಎಳೆದು, ಎಲ್ಲ ಅಳತೆಯನ್ನೂ ಆ ಗೆರೆಯಿಂದಲೇ ತೆಗೆಯುತ್ತಾರೆ. ಅಂಗಳದ ನೆಲದಿಂದ ಟೇಪು ಇಳಿಬಿಡುವುದು ವ್ಯರ್ಥ, ಆ ನೆಲವೇ ಏರುತಗ್ಗು.

ಬೆಂಗಳೂರಿನ ಸುತ್ತ ಇನ್ನೊಂದು ಪೇಚಿದೆ. ಅರ್ಧ ಗುಂಡಿಗೆ ಕೆಮ್ಮಣ್ಣು, ಇನ್ನರ್ಧಕ್ಕೆ ಬಂಡೆ. ಒಂದು ಕಡೆ ಕುಸಿದು ಇನ್ನೊಂದು ಕಡೆ ಕದಲದಿದ್ದರೆ ಬಿರುಕು ಅವು ಸೇರುವ ಜಾಗದಲ್ಲೇ ಬರುತ್ತದೆ. ಮಣ್ಣಿನ ಭಾಗವನ್ನು ಗಟ್ಟಿ ನೆಲ ಸಿಗುವವರೆಗೆ ಇಳಿಸಿ ಕಾಂಕ್ರೀಟಿನಿಂದ ಮೇಲೆ ತರುವುದೇ ಸರಿ. ಬಂಡೆ ತೀರಾ ಹಟ ಹಿಡಿದರೆ ಬ್ರೇಕರ್ ತರಿಸಿ ಅಕ್ಕಪಕ್ಕದ ಮನೆಗಳನ್ನು ಅದುರಿಸುವುದಕ್ಕಿಂತ ಕೊಳದ ಅಂಚನ್ನೇ ಒಂದೂವರೆ ಅಡಿ ಎತ್ತರಿಸಿ ಮೆಟ್ಟಿಲು ಕೊಡಿ. ಕೂರಲು ಕಟ್ಟೆಯೂ ಆಯಿತು.

ಅಂಚು ಎತ್ತರಿಸುವುದೇ ಕರಾವಳಿಗೂ ನನ್ನ ಸಲಹೆ, ಕಾರಣ ಬೇರೆ. ಮಳೆಗಾಲದಲ್ಲಿ ಅಲ್ಲಿ ಬಾವಿಗಳ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ. 8 ಇಂಚಿನ ಕಾಂಕ್ರೀಟ್ ತಳ ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಅಂತರ್ಜಲ ಅದರ ಅಡಿಯಿಂದ ಅರ್ಧ ಮೀಟರ್ ಏರಿದರೆ ಮೇಲಕ್ಕೆ ಒತ್ತುವ ಬಲವೂ ಅಷ್ಟೇ ಆಗುತ್ತದೆ. ಗೋಡೆಗಳ ತೂಕದ ಆಸರೆ ಸಾಲದೆ ಹೋದರೆ ಖಾಲಿ ಕೊಳ ಮೇಲೇಳುತ್ತದೆ. ಅಲ್ಲಿ ಒತ್ತಡ ಇಳಿಸುವ ವಾಲ್ವ್ ಇರಲೇಬೇಕು, ಮಳೆಗಾಲದಲ್ಲಿ ಕೊಳ ಖಾಲಿ ಮಾಡಲೇಬಾರದು.

ಆರೂವರೆ ಅಡಿ ಗುಂಡಿಯ ಬದಿಗಳನ್ನು ಇಳಿಜಾರಾಗಿ ಕತ್ತರಿಸದೆ, ಆಸರೆಯನ್ನೂ ಕೊಡದೆ ಯಾರನ್ನೂ ಒಳಗೆ ಇಳಿಸಬೇಡಿ. ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಒಂದು ಸಾಲು ಸೇರಿಸಿ: ನಕ್ಷೆಗಿಂತ ಹೆಚ್ಚು ಅಗೆದ ಆಳವನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಕಾಂಕ್ರೀಟಿನಿಂದ ತುಂಬಿಕೊಡಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳ ಅಡಿಪಾಯಕ್ಕೆ ಇದೇ ಷರತ್ತು ಹಾಕುತ್ತದೆ.