ಪಟ್ಟಿಯಲ್ಲಿ ಬಾಣಂತಿ ಎಲ್ಲಿ?

ಕಳೆದ ವಾರ ನಮ್ಮ ಟೀಮಿನ ಹುಡುಗನೊಬ್ಬ ಮೆಲ್ಲಗೆ ನನ್ನ ಡೆಸ್ಕ್ ಹತ್ರ ಬಂದು, "ಸರ್, ಆ ಎಕ್ಸೆಲ್ ಶೀಟ್ ನಿಮ್ಮತ್ರ ಇದೆಯಂತಲ್ಲ, ಸ್ವಲ್ಪ ಕಳಿಸ್ತೀರಾ?" ಅಂದ. ಯಾವ ಶೀಟ್ ಅಂತ ನಾನು ಕೇಳಲಿಲ್ಲ. ಅವನ ಹೆಂಡತಿಗೆ ಈಗ ಏಳು ತಿಂಗಳು. ಮಗು ಹುಟ್ಟುವ ಮೊದಲು ಏನೇನು ಕೊಂಡಿಟ್ಟುಕೊಳ್ಳಬೇಕು ಅನ್ನೋ ಪಟ್ಟಿ ಅದು. ಬೆಂಗಳೂರಿನ ಆಫೀಸುಗಳಲ್ಲಿ ಕೈಯಿಂದ ಕೈಗೆ ದಾಟಿ ಬಂದಿದೆ. ಮೊದಲು ಮಾಡಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಅಪ್ಪ ಆದವರೆಲ್ಲ ಅದಕ್ಕೆ ಎರಡೆರಡು ಸಾಲು ಸೇರಿಸಿದ್ದಾರೆ, ಅಳಿಸಿದವರು ಮಾತ್ರ ಒಬ್ಬರೂ ಇಲ್ಲ. ಎರಡು ವರ್ಷದ ಹಿಂದೆ ನನ್ನ ಕೈಗೆ ಬಂದಾಗ ಅದರಲ್ಲಿ 83 ಸಾಲುಗಳಿದ್ದವು. ನಾನೂ ಸೇರಿಸಿದ್ದೆ. ಈಗ 85.

ಪುಸ್ತಕಕ್ಕೆ, ಸಿನಿಮಾಕ್ಕೆ, ಹೋಟೆಲಿನ ದೋಸೆಗೆ ವಿಮರ್ಶೆ ಬರೀತೀವಿ. ಮದುವೆಯಾದ ಮೇಲೆ ನಾವು ಅತಿ ಶ್ರದ್ಧೆಯಿಂದ ಓದುವ, ಓದಿದ್ದನ್ನು ಸಾಲು ಸಾಲಾಗಿ ಪಾಲಿಸುವ ಈ ಬರಹಕ್ಕೆ ಮಾತ್ರ ಯಾರೂ ಬರೆದಿಲ್ಲ. ಹುಡುಗನಿಗೆ ಕಳಿಸೋ ಮೊದಲು ಒಂದು ಸಲ ಕೂತು ಓದೋಣ ಅಂತ ತೆಗೆದೆ.

ಮೊದಲು ಒಳ್ಳೇದನ್ನ ಹೇಳಿಬಿಡ್ತೀನಿ. ಆಸ್ಪತ್ರೆಗೆ ಹೊರಡುವ ಬ್ಯಾಗಿನ ಭಾಗ ಚೆನ್ನಾಗಿದೆ. ಸ್ಕ್ಯಾನ್ ರಿಪೋರ್ಟು, ವಿಮೆ ಕಾರ್ಡು, ಮುಂದೆ ಗುಂಡಿ ಇರುವ ನೈಟಿ, ಚಪ್ಪಲಿ, ಉದ್ದ ವೈರಿನ ಚಾರ್ಜರ್. ಇದನ್ನ ಬರೆದವರು ನಿಜವಾಗಿ ಆಸ್ಪತ್ರೆಯಲ್ಲಿ ರಾತ್ರಿ ಕಳೆದವರು. ಆಮೇಲೆ ಪಟ್ಟಿ ದಾರಿ ತಪ್ಪುತ್ತದೆ. ಅಲ್ಲಿಂದ ಮುಂದೆ ಬರೆದವರು ಅಂಗಡಿಯಲ್ಲಿ ಸಂಜೆ ಕಳೆದವರು.

19ನೇ ಸಾಲು ಸಾಸಿವೆ ದಿಂಬು. ಮಗುವಿನ ತಲೆ ದುಂಡಗಾಗಲಿ ಅಂತ. 20ರಲ್ಲಿ ತೊಟ್ಟಿಲಿನ ಒಳಸುತ್ತಿಗೆ ಕಟ್ಟುವ ಮೆತ್ತನೆ ಬಂಪರ್. 22ರಲ್ಲಿ ಎರಡು ಪುಟ್ಟ ಲೋಡು, ಮಗು ಉರುಳದ ಹಾಗೆ. ಮೂರರ ಮುಂದೆಯೂ 'ಮಸ್ಟ್ ಹ್ಯಾವ್' ಅಂತ ಹಸಿರು ಬಣ್ಣ. ಮಕ್ಕಳ ಡಾಕ್ಟರುಗಳು ವರ್ಷಗಳಿಂದ ಹೇಳ್ತಿರೋದು ಇದಕ್ಕೆ ನೇರ ಉಲ್ಟಾ. ಮಗುವನ್ನು ಬೆನ್ನ ಮೇಲೆ ಮಲಗಿಸಿ, ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಲಿ, ಅದರ ಮೇಲೆ ದಿಂಬು, ಗೊಂಬೆ, ಸಡಿಲ ಹೊದಿಕೆ ಏನೂ ಬೇಡ. ಎಳೆಮಗುವಿಗೆ ಮುಖಕ್ಕೆ ಮುಚ್ಚಿದ್ದನ್ನು ಸರಿಸಿಕೊಳ್ಳಲು ಬರುವುದಿಲ್ಲ, ಉಸಿರು ಕಟ್ಟಬಹುದು. ಅಮೆರಿಕದಲ್ಲಿ 1994ರಲ್ಲಿ ಬೆನ್ನ ಮೇಲೆ ಮಲಗಿಸುವ ಪ್ರಚಾರ ಶುರುವಾದ ಮೇಲೆ, ನಿದ್ದೆಯಲ್ಲೇ ಇದ್ದಕ್ಕಿದ್ದ ಹಾಗೆ ಮಕ್ಕಳು ತೀರಿಕೊಳ್ಳುವುದು ಮುಂದಿನ ವರ್ಷಗಳಲ್ಲಿ ಅರ್ಧದಷ್ಟು ಕಡಿಮೆಯಾಯಿತು. 2022ರಲ್ಲಿ ಅಲ್ಲಿ ಮೆತ್ತನೆ ಬಂಪರ್ ಮಾರುವುದನ್ನೇ ಕಾನೂನು ಮಾಡಿ ನಿಲ್ಲಿಸಿದರು. ನಮ್ಮ ಶೀಟಿನಲ್ಲಿ ಅದು ಇನ್ನೂ ಹಸಿರಾಗಿದೆ. ಅಂದರೆ ಈ ಸಾಲುಗಳಲ್ಲಿ ಬರೀ ದುಡ್ಡು ದಂಡವಾಗುತ್ತಿಲ್ಲ.

31ರಿಂದ 36ರವರೆಗೆ ಹಾಲಿನ ಬಾಟಲಿ ಸೆಟ್ಟು, ಸ್ಟೆರಿಲೈಸರ್, ಬಾಟಲಿ ತೊಳೆಯುವ ಬ್ರಶ್ಶು, ಬಾಟಲಿ ಬೆಚ್ಚಗಿಡುವ ಯಂತ್ರ, "ಎಮರ್ಜೆನ್ಸಿಗೆ" ಒಂದು ಡಬ್ಬಿ ಪುಡಿಹಾಲು. ಹಾಲಿನ ಪುಡಿ, ಬಾಟಲಿ ಇವುಗಳನ್ನು ಜಾಹೀರಾತು ಮಾಡಬಾರದು, ಉಚಿತ ಸ್ಯಾಂಪಲ್ ಕೊಡಬಾರದು ಅಂತ ನಮ್ಮ ದೇಶದಲ್ಲಿ 1992ರಿಂದ ಕಾನೂನೇ ಇದೆ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಕಂಪನಿ ಮಾಡಬಾರದ ಪ್ರಚಾರವನ್ನು ನಾವು ಸಂಬಳ ತೆಗೆದುಕೊಳ್ಳದೆ ಮಾಡಿಕೊಡ್ತಿದೀವಿ. ಪುಡಿಹಾಲು ಬೇಕೇ ಬೇಕಾಗುವ ತಾಯಂದಿರು ಇದ್ದಾರೆ, ಅವರನ್ನು ದೂರುವುದು ತಪ್ಪು. ಆದರೆ ಅದನ್ನು ಡಾಕ್ಟರು ಹೇಳಿದ ದಿನ ಮೆಡಿಕಲ್ ಶಾಪಿಗೆ ಹೋಗಿ ತರಬಹುದು. ಹೆರಿಗೆಗೆ ಎರಡು ತಿಂಗಳ ಮೊದಲೇ ತಂದು ಕಪಾಟಿನಲ್ಲಿಟ್ಟರೆ, ಹಾಲು ಸರಿಯಾಗಿ ಇಳಿಯದ ಮೊದಲ ದಿನಗಳಲ್ಲಿ ಆ ಡಬ್ಬಿ ತಾಯಿಯ ಕಡೆ ನೋಡ್ತಾನೇ ಇರತ್ತೆ. ಇನ್ನು ಹಿಂಡಿದ ಹಾಲು ಕುಡಿಸಲು ನಮ್ಮಲ್ಲಿ ಒಳಲೆ ಅಂತ ಇದೆ. ಮೂತಿ ಇರುವ ಪುಟ್ಟ ಬಟ್ಟಲು. ತೊಳೆಯೋದು ಸುಲಭ, ಸಂದುಗೊಂದು ಇಲ್ಲ, ಮಗು ಮೊಲೆ ಬಿಟ್ಟು ರಬ್ಬರ್ ತೊಟ್ಟಿಗೆ ಅಂಟಿಕೊಳ್ಳುವ ಭಯವೂ ಇಲ್ಲ. 83 ಸಾಲಿನಲ್ಲಿ ಒಳಲೆಗೆ ಜಾಗ ಸಿಕ್ಕಿಲ್ಲ.

44ರಲ್ಲಿ ನ್ಯೂಬಾರ್ನ್ ಸೈಜಿನ ಬಟ್ಟೆ, 24 ಜೊತೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಚಾರ್ಟ್ ಪ್ರಕಾರ ಮಧ್ಯಮ ತೂಕದ ಮಗು ಎರಡು ತಿಂಗಳಿಗೇ 5 ಕಿಲೋ ದಾಟುತ್ತದೆ. ಅಷ್ಟರಲ್ಲಿ ಆ ಸೈಜಿನ ಕಥೆ ಮುಗಿದಿರುತ್ತದೆ. 47ರಲ್ಲಿ ಶೂಸು. ನಡೆಯಲು ಬರದವರಿಗೆ. 71ರಲ್ಲಿ ವಾಕರ್. ಕೆನಡಾ ದೇಶ 2004ರಲ್ಲೇ ಇದರ ಮಾರಾಟ ನಿಷೇಧಿಸಿದೆ, ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟಾಗುತ್ತದೆ ಅಂತ. ಇದೆಲ್ಲ ಇದ್ದೂ ಕಾರಿನ ಬೇಬಿ ಸೀಟು ಮಾತ್ರ 80ನೇ ಸಾಲಿನಲ್ಲಿ, 'ಆಪ್ಷನಲ್' ಅಂತ ಬೂದು ಬಣ್ಣದಲ್ಲಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಇಲ್ಲವೇ ಮಕ್ಕಳ ಸೀಟಿಲ್ಲದೆ ಕಾರಿನಲ್ಲಿ ಕರೆದೊಯ್ದರೆ 1,000 ರೂಪಾಯಿ ದಂಡ. ಎಂಟು ಲಕ್ಷದ ಕಾರಿನಲ್ಲಿ ನಾವು ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯಿಂದ ಮನೆಗೆ ಬರ್ತೀವಿ. ಕಾರಿದ್ದವರಿಗೆ ಪಟ್ಟಿಯಲ್ಲಿ ನಿಜವಾಗಿ ಹಸಿರಾಗಬೇಕಿದ್ದ ಸಾಲು ಇದೊಂದೇ ಇರಬೇಕು.

ಇಷ್ಟು ಓದಿದ ಮೇಲೆ "ನಮ್ಮ ಅಜ್ಜಿ ಕಾಲವೇ ವಾಸಿ" ಅನ್ನೋ ಆಸೆ ಬರುತ್ತದೆ. ಅಜ್ಜಿಯರ ಹತ್ತಿರವೂ ಪಟ್ಟಿ ಇತ್ತು, ಬರೆದಿಡಲಿಲ್ಲ ಅಷ್ಟೆ. ಮಗು ಹುಟ್ಟೋ ಮೊದಲು ಹೊಸದೇನೂ ಕೊಳ್ಳಬಾರದು ಅನ್ನೋದು ಅದರ ಮೊದಲ ನಿಯಮ. ಹೆರಿಗೆಯಲ್ಲಿ ಏನಾಗುತ್ತದೋ ಗೊತ್ತಿಲ್ಲದ ಕಾಲದಲ್ಲಿ, ಖಾಲಿ ಉಳಿದ ತೊಟ್ಟಿಲನ್ನು ನೋಡುವ ಸಂಕಟ ಗೊತ್ತಿದ್ದವರು ಮಾಡಿದ ನಿಯಮ ಇರಬೇಕು. ತೊಳೆದು ತೊಳೆದು ಮೆತ್ತಗಾದ ಹಳೇ ಸೀರೆ, ಹಳೇ ಪಂಚೆಯ ಲಂಗೋಟಿ, ಉತ್ತರ ಕರ್ನಾಟಕದ ಮನೆಗಳ ಕೌದಿ, ಅಕ್ಕನ ಮಗುವಿನ ಕುಲಾವಿ. ಎಳೇ ಚರ್ಮಕ್ಕೆ ಹೊಸ ಬಟ್ಟೆಯ ಗಂಜಿಗಿಂತ ಇದು ಎಷ್ಟೋ ವಾಸಿ. ಆದರೆ ಅದೇ ಪಟ್ಟಿಯಲ್ಲಿ ಹುಟ್ಟಿದ ಕೂಡಲೇ ನಾಲಗೆಗೆ ಜೇನುತುಪ್ಪ ಇದೆ, ಕಣ್ಣಿಗೆ ಕಾಡಿಗೆ ಇದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಇದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಬಾಟ್ಯುಲಿಸಮ್ ಅನ್ನೋ ವಿಷಬಾಧೆಯ ಭಯವಿದೆ. ಕಾಡಿಗೆಯಲ್ಲಿ ಸೀಸ ಇರಬಹುದು. ಹೊಗೆ ಎಳೇ ಶ್ವಾಸಕೋಶಕ್ಕೆ ಒಳ್ಳೇದಲ್ಲ. ಆದ್ದರಿಂದ ಅಜ್ಜಿಯ ಪಟ್ಟಿಗೂ ಪೂರ್ತಿ ಅಂಕ ಕೊಡಲಾರೆ.

ಆದರೂ ಅಜ್ಜಿಯ ಪಟ್ಟಿಯಲ್ಲಿದ್ದ ಒಂದು ಸಂಗತಿ ಎಕ್ಸೆಲ್‌ನಲ್ಲಿ ಇಲ್ಲ. ಅದು ಬಾಣಂತಿ. ಅಜ್ಜಿ ಕೂಡಿಡುತ್ತಿದ್ದದ್ದರಲ್ಲಿ ಅರ್ಧ ಆಕೆಗೆ: ಹೊಟ್ಟೆಗೆ ಕಟ್ಟುವ ಬಟ್ಟೆ, ಕಿವಿಗೆ ಹತ್ತಿ, ಒಣಕೊಬ್ಬರಿ, ಅಂಟಿನುಂಡೆ, ಮೆಂತ್ಯ, ನೀರೆರೆಯಲು ಬರುವ ಹೆಂಗಸಿಗೆ ಕೊಡುವ ಸೀರೆ.

ಸರ್ಕಾರ ಮಾಡಿದ ಪಟ್ಟಿಗಳೂ ಇದನ್ನು ಮರೆತಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಶುರುವಾದ ಮಡಿಲು ಯೋಜನೆಯನ್ನೇ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡತನ ರೇಖೆಗಿಂತ ಕೆಳಗಿನ ತಾಯಂದಿರಿಗೆ 19 ವಸ್ತುಗಳ ಒಂದು ಕಿಟ್ಟು ಕೊಡುತ್ತಿದ್ದರು. ಸೊಳ್ಳೆಪರದೆ, ಬೆಡ್‌ಶೀಟು, ಮಗುವಿಗೆ ಸ್ವೆಟರು, ಟೋಪಿ, ರಬ್ಬರ್ ಶೀಟು. ಜೊತೆಗೆ ಅಮ್ಮನಿಗೆ ಸ್ಯಾನಿಟರಿ ಪ್ಯಾಡು, ಮೈಸೋಪು, ತೆಂಗಿನೆಣ್ಣೆ, ಬಾಚಣಿಗೆ, ಟೂತ್‌ಪೇಸ್ಟು, ಬ್ರಶ್ಶು. ಹೆತ್ತವಳೂ ಹಲ್ಲುಜ್ಜಬೇಕು, ತಲೆ ಬಾಚಬೇಕು ಅನ್ನೋದು ಆ ಪಟ್ಟಿ ಮಾಡಿದವರಿಗೆ ಹೊಳೆದಿತ್ತು. ಫಿನ್‌ಲ್ಯಾಂಡ್ 1938ರಿಂದ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೂ ಒಂದು ರಟ್ಟಿನ ಪೆಟ್ಟಿಗೆ ಕೊಡುತ್ತಾ ಬಂದಿದೆ. ಒಳಗೆ ಬಟ್ಟೆ, ಹೊದಿಕೆ, ಪುಟ್ಟ ಹಾಸಿಗೆ. ಬೇಕಿದ್ದರೆ ಆ ಪೆಟ್ಟಿಗೆಯಲ್ಲೇ ಮಗುವನ್ನು ಮಲಗಿಸಬಹುದು. ಎದೆಹಾಲಿಗೆ ಒತ್ತು ಕೊಡಲು ಹಾಲಿನ ಬಾಟಲಿಯನ್ನು ಬೇಕಂತಲೇ ತೆಗೆದುಹಾಕಿದ್ದಾರೆ. ಪೆಟ್ಟಿಗೆ ಬೇಕಾದರೆ ನಾಲ್ಕು ತಿಂಗಳು ತುಂಬುವ ಮೊದಲು ಬಸುರಿ ಡಾಕ್ಟರ ಬಳಿ ಹೋಗಿರಬೇಕು ಅನ್ನೋ ಷರತ್ತಿದೆ. ಮಡಿಲು ಕಿಟ್ಟಿಗೆ ಆಸ್ಪತ್ರೆಯ ಹೆರಿಗೆ ಷರತ್ತಾಗಿತ್ತು. ಎರಡೂ ಕಡೆ ಉದ್ದೇಶ ತಾಯಿಯನ್ನು ಡಾಕ್ಟರ ಕೈಗೆ ತಲುಪಿಸುವುದು, ಸಾಮಾನು ಅದಕ್ಕೊಂದು ನೆಪ. ನಮ್ಮ ಶೀಟು ತಲುಪಿಸುವುದು ಶಾಪಿಂಗ್ ಕಾರ್ಟಿಗೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ನಮ್ಮ ಮಗು ಹುಟ್ಟೋ ಹೊತ್ತಿಗೆ ಆ ಶೀಟಿನ 83ರಲ್ಲಿ 70 ಸಾಲಿಗೆ ನಾನು ಟಿಕ್ ಹಾಕಿದ್ದೆ. ರಾತ್ರಿ ಹನ್ನೊಂದಕ್ಕೆ ಕಾಲ್ ಮುಗಿಸಿ ಫೋನು ತೆಗೆದು ಆರ್ಡರ್ ಮಾಡ್ತಿದ್ದೆ. ಒಳ್ಳೇ ಅಪ್ಪ ಆಗ್ತಿದೀನಿ ಅನ್ನಿಸ್ತಿತ್ತು. ಮನೆಗೆ ಬಂದ ಮೂರನೇ ರಾತ್ರಿ ನನ್ನ ಹೆಂಡತಿಯ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ ಜ್ವರ ಬಂತು. ಮಗು ಮೊಲೆ ಹಿಡೀತಿಲ್ಲ, ಅಳ್ತಿದೆ, ಅವಳೂ ಅಳ್ತಿದಾಳೆ. ಅತ್ತೆ ಬಿಸಿನೀರಿನ ಶಾಖ ಕೊಡ್ತಾ ಇದ್ರು. ನಾನು ಪೆಟ್ಟಿಗೆ ಒಡೆದು ಸ್ಟೆರಿಲೈಸರ್ ಮ್ಯಾನುಯಲ್ ಓದ್ತಾ ಕೂತಿದ್ದೆ. ಆ ಹೊತ್ತಿಗೆ ಬೇಕಾಗಿದ್ದದ್ದು ಹಾಲೂಡಿಸುವುದನ್ನು ಕಲಿಸಿಕೊಡುವ ಒಬ್ಬ ನರ್ಸಿನ ಫೋನ್ ನಂಬರ್. ಅದು 84ನೇ ಸಾಲಿನಲ್ಲೂ ಇರಲಿಲ್ಲ, 85ರಲ್ಲೂ ಇರಲಿಲ್ಲ, ಯಾಕಂದ್ರೆ ನಾನು ಸೇರಿಸಿದ್ದು ವೈಪ್ಸ್ ವಾರ್ಮರ್ ಮತ್ತು ಬೇಬಿ ಮಾನಿಟರ್. ಎರಡು ಕೋಣೆಯ ಮನೆಗೆ! ನನ್ನ ರಜೆ ಇದ್ದದ್ದು ಐದು ದಿನ. ಆರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಕಾಲ್‌ನಲ್ಲಿದ್ದೆ.

ಪಟ್ಟಿ ಯಾಕೆ ಇಷ್ಟು ಉದ್ದ ಬೆಳೀತದೆ ಅನ್ನೋದು ನನಗೆ ಅರ್ಥವಾದದ್ದು ಆಮೇಲೆ. 2017ರ ತಿದ್ದುಪಡಿಯಿಂದ ತಾಯಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರ ಸಂಬಳದ ರಜೆ ಇದೆ. ಕೇಂದ್ರ ಸರ್ಕಾರಿ ನೌಕರ ಅಪ್ಪನಿಗೆ 15 ದಿನ. ಖಾಸಗಿ ಕಂಪನಿಯ ಅಪ್ಪನಿಗೆ ಕಾನೂನು ಏನೂ ಕೊಡುವುದಿಲ್ಲ, ಕಂಪನಿ ಕೊಟ್ಟರೆ ಉಂಟು. ಮನೆಯಲ್ಲಿರಲು ಆಗದವನಿಗೆ ಪ್ರೀತಿ ತೋರಿಸಲು ಉಳಿಯುವ ದಾರಿ ಆರ್ಡರ್ ಮಾಡೋದು. ಅದು ಎರಡು ಮೀಟಿಂಗ್ ನಡುವೆ ಆಗುವ ಕೆಲಸ. ಹತ್ತಿರ ಕೂತು ಬೆನ್ನು ಸವರೋದು ಹಾಗಲ್ಲ. ಪಟ್ಟಿಯ ಒಂದೊಂದು ಹೊಸ ಸಾಲೂ ಸಿಗದೇ ಹೋದ ಒಂದು ದಿನದ ರಜೆಯ ಬದಲಿಗೆ ಬಂದದ್ದು. ಇದನ್ನು ಮಾರುಕಟ್ಟೆ ಚೆನ್ನಾಗಿ ಬಲ್ಲದು. ಅದಕ್ಕೇ ಶೀಟಿನಲ್ಲಿ 'ಏನು', 'ಎಷ್ಟು', 'ಯಾವ ಬ್ರ್ಯಾಂಡ್', 'ಬೆಲೆ' ಅಂತ ನಾಲ್ಕು ಕಾಲಂ ಇವೆ, 'ಯಾರು' ಅನ್ನೋ ಕಾಲಂ ಇಲ್ಲ. ಎಳೇ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಪ್ರತಿ ಸಲವೂ ತೇಗಿಸಬೇಕು, ಬಟ್ಟೆ ಬದಲಿಸಬೇಕು, ಮತ್ತೆ ಮಲಗಿಸಬೇಕು. ಯಾರು?

ಹುಡುಗನಿಗೆ ನಿನ್ನೆ ಶೀಟು ಕಳಿಸಿದೆ. 61 ಸಾಲು ಅಳಿಸಿ. ಉಳಿದದ್ದರಲ್ಲಿ ಮೆತ್ತಗಿನ ಹತ್ತಿಯ ಅಂಗಿ ಆರೇಳು, ಮೂರು ಡಜನ್ ಬಟ್ಟೆಯ ಲಂಗೋಟಿ, ಹೊರಗೆ ಹೋಗಲು ಒಂದು ಪ್ಯಾಕ್ ಡಯಪರ್, ರಬ್ಬರ್ ಶೀಟು, ಸೊಳ್ಳೆಪರದೆ, ಗಟ್ಟಿ ಹಾಸಿಗೆಯ ತೊಟ್ಟಿಲು, ಥರ್ಮಾಮೀಟರು, ಉಗುರು ಕತ್ತರಿ, ಒಳಲೆ, ಕಾರಿನ ಸೀಟು, ಡಾಕ್ಟರು ಬರೆದುಕೊಡುವ ವಿಟಮಿನ್ ಡಿ ಹನಿ ಇವೆ. ಮೇಲಿನ ಮೂರು ಸಾಲು ಹೊಸದಾಗಿ ಹಾಕಿದ್ದು: ಹಾಲೂಡಿಸಲು ಕಲಿಸುವ ನರ್ಸಿನ ನಂಬರ್, ಬಾಣಂತಿಗೆ ಪ್ಯಾಡು ಮತ್ತು ಹೊತ್ತುಹೊತ್ತಿಗೆ ಊಟ, ಅಪ್ಪನ ರಜೆ. ಬಲಗಡೆ ಐದನೇ ಕಾಲಂ ಒಂದು ಸೇರಿಸಿ 'ಯಾರು' ಅಂತ ಹೆಸರಿಟ್ಟು ಖಾಲಿ ಬಿಟ್ಟೆ.

ಹತ್ತು ನಿಮಿಷಕ್ಕೆ ಉತ್ತರ ಬಂತು. "ಸರ್, ಫೈಲ್ ಕರಪ್ಟ್ ಆಗಿದೆ ಅನ್ಸತ್ತೆ. ಬರೀ 27 ಸಾಲು ಕಾಣ್ತಿದೆ."

ಸರಿಯಾಗೇ ಇದೆ ಅಂದೆ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಮೆಸೇಜು: "ಅಪ್ಪನ ರಜೆ ಅಂತ ಇದೆಯಲ್ಲ ಸರ್, ಅದನ್ನ ಅಪ್ರೂವ್ ಮಾಡೋರು ನೀವೇ ಅಲ್ವಾ?"

ಹೌದು. ಆ ಸಾಲಿನ ಮುಂದೆ, 'ಯಾರು' ಕಾಲಂನಲ್ಲಿ, ನನ್ನ ಹೆಸರು ಬರೆದೆ.