ಗಣಿಯ ಆಳ ಮತ್ತು ವಿಜ್ಞಾನದ ಚರಿತ್ರೆ

ಅಂಟಾರ್ಕ್ಟಿಕದ ಒಂದು ಘನ ಕಿಲೋಮೀಟರ್ ಹಿಮದಲ್ಲಿ ಸ್ಥಾಪಿತವಾದ ಐಸ್‌ಕ್ಯೂಬ್ ವೀಕ್ಷಣಾಲಯವು 2013ರಲ್ಲಿ ಸೌರಮಂಡಲದಾಚೆಯಿಂದ ಬಂದ ಅಧಿಕ ಶಕ್ತಿಯ ನ್ಯೂಟ್ರಿನೊಗಳಿಗೆ ಸಾಕ್ಷ್ಯ ಒದಗಿಸಿತು. ಈ ಸಂಶೋಧನಾ ಪರಂಪರೆಯ ಒಂದು ಬೇರು ಕೋಲಾರದ ಚಿನ್ನದ ಗಣಿಯಲ್ಲಿದೆ. 1965ರಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಅಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ವಾತಾವರಣಜನ್ಯ ನ್ಯೂಟ್ರಿನೊಗಳ ಕುರುಹನ್ನು ಗುರುತಿಸಿದರು. ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್‌ಗಳನ್ನು ಮೇಲಿನ ಬಂಡೆ ಬಹುಮಟ್ಟಿಗೆ ತಡೆಯುತ್ತದೆ. ನ್ಯೂಟ್ರಿನೊ ಮಾತ್ರ ದಾಟಿ ಬರುತ್ತದೆ. ಬಂಡೆಯೇ ಇಲ್ಲಿ ಜರಡಿ.

ಆದರೆ ಆ ಆಳವನ್ನು ವಿಜ್ಞಾನ ನಿರ್ಮಿಸಲಿಲ್ಲ. ಅದು ಚಿನ್ನಕ್ಕಾಗಿ ತಲೆಮಾರುಗಳ ಕಾಲ ಬಂಡೆ ಕೊರೆದ, ಬಹುಪಾಲು ತಮಿಳು ಮತ್ತು ತೆಲುಗು ಭಾಷಿಕರಾದ ಕಾರ್ಮಿಕರ ದುಡಿಮೆಯ ಫಲ. ಪ್ರಯೋಗದ ವರದಿಗೆ ಆಳವೆಂಬುದು ಒಂದು ಅಂಕಿ. ಕಾರ್ಮಿಕನಿಗೆ ಅದು ಸೆಕೆ, ಧೂಳು, ಬಂಡೆ ಸಿಡಿಯುವ ಭೀತಿ. ಭೌತಶಾಸ್ತ್ರದ ಪ್ರಬಂಧದಿಂದ ಈ ಎರಡನೆಯದನ್ನು ನಿರೀಕ್ಷಿಸುವುದು ಯುಕ್ತವಲ್ಲ. ವಿಜ್ಞಾನದ ಚರಿತ್ರಕಾರರು ಅದನ್ನು ಕೈಬಿಟ್ಟರೆ ಮಾತ್ರ ಚರಿತ್ರೆ ಅರ್ಧವಾಗುತ್ತದೆ. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಇಳಿದು ದುಡಿದವರ ನೆನಪುಗಳನ್ನು ಅವರವರ ಭಾಷೆಯಲ್ಲಿಯೇ ಸಂಗ್ರಹಿಸುವುದು ಕರ್ನಾಟಕದ ಜಾನಪದ ಅಧ್ಯಯನದ ಹೊಣೆ. ಅದಕ್ಕೆ ಉಳಿದಿರುವ ಕಾಲ ಅಲ್ಪ.