ಹತ್ತನೆಯ ಹೆಜ್ಜೆ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ತಂದೆತಾಯಿಯರ ನಡುವೆ ಕರಾಟೆ ತರಗತಿಗೆ ಈಗ ದೊಡ್ಡ ಹೆಸರು. ವಾರಕ್ಕೆರಡು ಸಂಜೆ ಕಳಿಸಿದರೆ ಗಣಿತ, ವಿಜ್ಞಾನ, ಇತಿಹಾಸ, ಭಾಷೆ, ನೀತಿ ಎಲ್ಲವೂ ಆಯಿತೆಂಬ ನಂಬಿಕೆ. ಬೆಂಗಳೂರಿನ ನನ್ನ ತಂಗಿ ಮಗಳಿಗಾಗಿ ಬರೆದಿಡುವ ದಿನಚರಿಯಲ್ಲಿ ‘ಕರಾಟೆ’ ಎಂಬ ಒಂದೇ ಪದದ ಎದುರು ಐದು ವಿಷಯಗಳಿಗೆ ಗುರುತು ಬಿದ್ದಿದ್ದನ್ನು ಕಂಡೆ. ಈ ಕೀರ್ತಿಯಲ್ಲಿ ಮುಕ್ಕಾಲು ಪಾಲು ಪೊಳ್ಳು. ಗಟ್ಟಿಯಾದ ಉಳಿದ ಕಾಲು ಪಾಲನ್ನು ಯಾರೂ ಮುಟ್ಟುತ್ತಿಲ್ಲ. ಹೋಮ್‌ಸ್ಕೂಲಿಂಗ್ ಸರಿಯೇ, 2009ರ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಏನೆನ್ನುತ್ತದೆ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ, ಅದು ಇಲ್ಲಿ ಬೇಡ.

ತರಗತಿಯಿಂದ ಮಗುವಿನ ಮೈ ಗಟ್ಟಿಯಾಗುತ್ತದೆ, ಮನೆಯಲ್ಲೇ ಇರುವ ಮಗುವಿಗೆ ಜೊತೆಗಾರರು ಸಿಗುತ್ತಾರೆ. ಇದನ್ನು ಒಪ್ಪುತ್ತೇನೆ. ಆದರೆ ‘ಇಚಿ, ನಿ, ಸಾನ್’ ಎಂದು ಹತ್ತರವರೆಗೆ ಕೂಗುವುದು ಜಪಾನಿ ಭಾಷೆಯ ಕಲಿಕೆಯಲ್ಲ. ಬಾಗಿ ವಂದಿಸುವುದು ನೀತಿಶಾಸ್ತ್ರವಲ್ಲ.

ಇನ್ನೂ ಮುಖ್ಯವಾದ ಮಾತೊಂದಿದೆ. ಸಾಲಾಗಿ ನಿಲ್ಲಿಸುವುದು, ಎಲ್ಲರಿಗೂ ಒಂದೇ ಬಟ್ಟೆ, ಎಣಿಕೆಗೆ ತಕ್ಕಂತೆ ಎಲ್ಲರೂ ಒಂದೇ ಚಲನೆ, ಕೆಲವು ತಿಂಗಳಿಗೊಮ್ಮೆ ಪರೀಕ್ಷೆ: ಇವನ್ನೆಲ್ಲ ಒಲ್ಲೆವೆಂದೇ ಈ ತಂದೆತಾಯಿಯರು ಶಾಲೆ ಬಿಡಿಸಿದ್ದು. ಆದರೆ ನಾವು ಕಾಣುವ ಕರಾಟೆ ತರಗತಿ ಹುಟ್ಟಿದ್ದೇ ಶಾಲೆಗಾಗಿ. ಒಕಿನಾವಾದಲ್ಲಿ ಒಬ್ಬ ಗುರು ಕೆಲವೇ ಶಿಷ್ಯರಿಗೆ ಹೇಳಿಕೊಡುತ್ತಿದ್ದ ವಿದ್ಯೆಯನ್ನು ಅಂಕೋ ಇತೊಸು 1901ರ ಸುಮಾರಿಗೆ ಶಾಲಾಮಕ್ಕಳ ವ್ಯಾಯಾಮವನ್ನಾಗಿ ಮಾಡಿದರು. 1908ರಲ್ಲಿ ಅದರ ಪರವಾಗಿ ಹತ್ತು ಅಂಶಗಳ ಪತ್ರವನ್ನೂ ಬರೆದರು. ಮುಂದೆ ಸೈನ್ಯ ಸೇರುವ ಹುಡುಗರಿಗೆ ಇದು ನೆರವಾಗುತ್ತದೆ ಎಂಬುದು ಆ ಪತ್ರದ ವಾದಗಳಲ್ಲೊಂದು. 1922ರಲ್ಲಿ ಕರಾಟೆಯನ್ನು ಟೋಕಿಯೋಗೆ ಒಯ್ದ ಗಿಚಿನ್ ಫುನಾಕೋಶಿ ಶಾಲಾ ಮೇಷ್ಟ್ರು. ಬಿಳಿ ಬಟ್ಟೆ, ಬೆಲ್ಟುಗಳ ಪದ್ಧತಿ ಬಂದದ್ದು 1882ರಲ್ಲಿ ಜೂಡೋ ಕಟ್ಟಿದ ಜಿಗೊರೊ ಕಾನೊ ಅವರಿಂದ, ಅವರೂ ಶಿಕ್ಷಕರೇ. ಹಾಗಾಗಿ ಮುಂಬಾಗಿಲಿನಿಂದ ಹೊರಟುಹೋದ ಶಾಲೆ ಹಿತ್ತಲಿನಿಂದ ಒಳಗೆ ಬಂದಿದೆ. ವಿಷಯಗಳ ಕಲಿಕೆಯೆಂದರೆ ಪ್ರಶ್ನೆ. ಈ ಏರ್ಪಾಟಿನಲ್ಲಿ ಪ್ರಶ್ನೆಗೆ ಜಾಗ ಕಡಿಮೆ.

ಆದರೂ ಆ ಇತೊಸು ರೂಪಿಸಿದ ಕಾಟಾಗಳಲ್ಲಿ ಒಂದು ಸಂಪತ್ತು ಅಡಗಿದೆ. ಶೋಟೋಕಾನ್ ಕರಾಟೆಯಲ್ಲಿ ಮಕ್ಕಳು ಮೊದಮೊದಲು ಕಲಿಯುವ ಹೇಯಾನ್ ಶೋಡಾನ್ ಎಂಬ ಕಾಟಾ ತೆಗೆದುಕೊಳ್ಳಿ. ಎದುರಾಳಿಯಿಲ್ಲದೆ, ಗೊತ್ತಾದ ಕ್ರಮದಲ್ಲಿ 21 ಚಲನೆಗಳನ್ನು ಮಾಡಿ, ಶುರುಮಾಡಿದ ಜಾಗಕ್ಕೇ ಬಂದು ನಿಲ್ಲಬೇಕು. ಒಂಬತ್ತನೆಯದರಲ್ಲಿ ಬಲಗಾಲು ಮುಂದಿರುತ್ತದೆ, ಬಲಗೈ ಹಣೆಯ ಮೇಲೆ ಏಟು ತಡೆಯುತ್ತದೆ, ಗಟ್ಟಿಯಾಗಿ ಕೂಗಬೇಕು. ಹತ್ತನೆಯದಕ್ಕೆ ಮಗು ತನ್ನ ಬಲಕ್ಕೆ ಮುಖ ಮಾಡಬೇಕು. ಬಲಕ್ಕೆ 90 ಡಿಗ್ರಿ ಹೊರಳಿದರೆ ಮುಗಿಯಿತಲ್ಲ? ಕಾಟಾ ಹಾಗೆ ಮಾಡಿಸುವುದಿಲ್ಲ. ಹಿಂದಿನ ಎಡಗಾಲನ್ನು ಬೆನ್ನ ಹಿಂದಿನಿಂದ ತಂದು, ಎಡಕ್ಕೆ 270 ಡಿಗ್ರಿ ತಿರುಗಿಸಿ, ಅದೇ ದಿಕ್ಕಿಗೆ ನಿಲ್ಲಿಸುತ್ತದೆ.

“ದೊಡ್ಡಮ್ಮ, ಹತ್ತಿರದ ದಾರಿ ಬಿಟ್ಟು ಸುತ್ಕೊಂಡು ಯಾಕೆ ಹೋಗ್ಬೇಕು?” ಎಂದು ತಂಗಿಯ ಮಗಳು ಕೇಳಿದಳು. ತರಗತಿಯಲ್ಲಿ ಅವಳಿಗೆ ಸಿಕ್ಕಿದ್ದು “ಅದು ಹಾಗೇ” ಎಂಬ ಉತ್ತರ. ನಾವು ತಾರಸಿಗೆ ಹೋಗಿ ಸೀಮೆಸುಣ್ಣದಲ್ಲಿ ಪಾದಗಳನ್ನು ಬರೆದೆವು. ಮೊದಲು ಬಲಗಾಲನ್ನೇ ಎತ್ತಿ ಬಲಕ್ಕೆ ಹೊರಳಿದಳು. ದಿಕ್ಕು ಸರಿಯಾಯಿತು, ಆದರೆ ಬಲಗಾಲು ಮುಂದೆ ಬಂತು. ಅಲ್ಲಿಂದಾಚೆಗಿನ ಹೆಜ್ಜೆಗಳು ಎಡಬಲ ಅದಲುಬದಲಾದವು. ಆಮೇಲೆ ಎಡಗಾಲನ್ನೇ ಮುಂದಿನಿಂದ ಬಳಸಿ ತಂದಳು. ಈಗ ಕಾಲು ಸರಿ, ಆದರೆ ನಿಂತ ಬಲಗಾಲು ಅಡ್ಡ ಬಂದು ಎಡವಿದಳು. ಕೊನೆಗೆ ನೂಲು ಹಿಡಿದು ಎಡಗಾಲಿನ ಎರಡೂ ದಾರಿಗಳನ್ನು ಅಳೆದೆವು. ಹಿಂದಿನಿಂದ ಬರುವ ದಾರಿಯ ನೂಲೇ ಗಿಡ್ಡ. ಮುಖಕ್ಕೆ ದೂರದ ಸುತ್ತು, ಕಾಲಿಗೆ ಹತ್ತಿರದ ದಾರಿ! ಹುಡುಗಿ ನೂಲನ್ನು ಮತ್ತೆ ಮತ್ತೆ ಇಟ್ಟು ನೋಡಿದಳು.

ಗಣಿತದ ನೋಟ್‌ಬುಕ್ಕಿನಲ್ಲಿ ಬಲಕ್ಕೆ 90, ಎಡಕ್ಕೆ 270, ಎರಡೂ ಒಂದೇ. ದೇಹದಲ್ಲಿ ಅಲ್ಲ: ಭಾರ ಯಾವ ಕಾಲಿನ ಮೇಲಿದೆ, ಯಾವ ಕಾಲು ಬಿಡುವಾಗಿದೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಕೋನಕ್ಕೆ ಅಳತೆಯ ಜೊತೆಗೆ ದಿಕ್ಕೂ ಉಂಟೆಂದು ಪಾಠಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಅವಳಿಗೆ ಅದು ಹಿಮ್ಮಡಿಯಿಂದ ಗೊತ್ತಾಯಿತು. ಕೈ ಚಾಚಿ ತಿರುಗಿದರೆ ನಿಧಾನ, ಮೈಗೆ ಒತ್ತಿ ತಿರುಗಿದರೆ ಬೇಗ ಎಂಬುದೂ ಅಲ್ಲೇ ತಿಳಿಯಿತು. ಕಾಟಾದ ಎಡಬಲಗಳ ಸಮಮಿತಿ ನಾಲ್ಕನೆಯ ಚಲನೆಯಲ್ಲಿ ಮುರಿಯುತ್ತದೆಂದು ಆಮೇಲೆ ಅವಳೇ ಕಂಡುಹಿಡಿದಳು: ಆರಂಭದಲ್ಲಿ ಎಡಕ್ಕೆ ಎರಡು ಚಲನೆ, ಬಲಕ್ಕೆ ಮೂರು.

ಇತಿಹಾಸದ ವಿಷಯಕ್ಕೆ ಬಂದರೆ ನನಗೆ ಜಗಳವೇ ಇದೆ. ಕಂಚಿಯ ಬೋಧಿಧರ್ಮ ಚೀನಾಕ್ಕೆ ಹೋಗಿ ಯುದ್ಧಕಲೆ ಕಲಿಸಿದ, ಕರಾಟೆ ಅದರ ಮರಿ, ಆದ್ದರಿಂದ ಎಲ್ಲವೂ ನಮ್ಮದೇ ಎಂದು ನಮ್ಮ ಅಂಕಣಕಾರರು ಬರೆಯುತ್ತಲೇ ಇದ್ದಾರೆ. 2011ರ ತಮಿಳು ಚಿತ್ರ ‘ಏಳಾಂ ಅರಿವು’ ಬಂದ ಮೇಲೆ ಈ ಕಥೆಗೆ ಇನ್ನಷ್ಟು ಬಲ ಬಂತು. ಫುನಾಕೋಶಿಯವರೂ ಅದನ್ನು ಹೇಳಿದ್ದುಂಟು. ಆದರೆ ಬೋಧಿಧರ್ಮನನ್ನು ಶಾವೊಲಿನ್ ವ್ಯಾಯಾಮಗಳಿಗೆ ಜೋಡಿಸುವ ಗ್ರಂಥ 17ನೇ ಶತಮಾನದ್ದು, ಅವನು ಬದುಕಿದ್ದ ಕಾಲಕ್ಕಿಂತ ಸಾವಿರ ವರ್ಷ ಈಚಿನದು. ಇತೊಸು ತಮ್ಮ 1908ರ ಪತ್ರವನ್ನು ಶುರುಮಾಡುವುದೇ ಈ ವಿದ್ಯೆ ಬೌದ್ಧಮತದಿಂದಾಗಲಿ ಕನ್‌ಫ್ಯೂಷಿಯಸ್ ಮತದಿಂದಾಗಲಿ ಬಂದದ್ದಲ್ಲ ಎಂಬ ಮಾತಿನಿಂದ. ಕರಾಟೆಯ ಶಾಲಾರೂಪವನ್ನು ಕಟ್ಟಿದವರ ಮಾತು ಕಣ್ಣೆದುರಿಗಿದ್ದೂ ಅದನ್ನು ಓದದೆ ಮಕ್ಕಳ ತಲೆಗೆ ಕಥೆ ತುಂಬುವುದು ಅನ್ಯಾಯ. ನಮ್ಮ ಗರಡಿಮನೆಗಳಿಗೆ ಅವುಗಳದೇ ಘನತೆಯಿದೆ, ಅವಕ್ಕೆ ಕರಾಟೆಯ ತಾಯ್ತನ ಹೊರಿಸಬೇಕಾಗಿಲ್ಲ.

ನಿಜವಾದ ಇತಿಹಾಸ ‘ಕರಾಟೆ’ ಎಂಬ ಹೆಸರಿನಲ್ಲೇ ಇದೆ. ಮೊದಲು ಅದನ್ನು ‘ಚೀನೀ ಕೈ’ ಎಂಬ ಅರ್ಥದ ಲಿಪಿಯಲ್ಲಿ ಬರೆಯುತ್ತಿದ್ದರು. 1930ರ ದಶಕದಲ್ಲಿ, ಜಪಾನಿನಲ್ಲಿ ರಾಷ್ಟ್ರೀಯತೆ ಏರಿ ಚೀನಾದೊಡನೆ ಹಗೆ ಬಲಿತಿದ್ದಾಗ, ಉಚ್ಚಾರಣೆ ಬದಲಿಸದೆ ‘ಬರಿಗೈ’ ಎಂಬ ಅರ್ಥದ ಲಿಪಿ ಗಟ್ಟಿಯಾಯಿತು. 1879ರಲ್ಲಿ ಜಪಾನ್ ಒಕಿನಾವಾವನ್ನು ತನ್ನೊಳಗೆ ಸೇರಿಸಿಕೊಂಡದ್ದನ್ನೂ ಇದನ್ನೂ ಒಟ್ಟಿಗೆ ಓದಿದರೆ ಮಗುವಿಗೆ ಸಮಾಜವಿಜ್ಞಾನದ ಇಡೀ ಒಂದು ಅಧ್ಯಾಯ ಸಿಗುತ್ತದೆ. ಅದನ್ನು ತರಗತಿ ಕೊಡುವುದಿಲ್ಲ, ಮನೆಯೇ ಕೊಡಬೇಕು.

ಹಾಗಾಗಿ ಮನೆಪಾಠದ ತಂದೆತಾಯಿಯರಲ್ಲಿ ಕೇಳಿಕೊಳ್ಳುವುದಿಷ್ಟು. ಕರಾಟೆಗೆ ಕಳಿಸಿ, ಆದರೆ ದಿನಚರಿಯ ಐದು ಗುರುತುಗಳನ್ನು ಅಳಿಸಿಹಾಕಿ. ಮಗು ಮನೆಗೆ ಬಂದಾಗ ಒಂದೇ ಒಂದು ಚಲನೆಯನ್ನು ಮಾಡಿಸಿ, ಯಾಕೆ ಹೀಗೆ ಎಂದು ಕೇಳಿ, ಸೀಮೆಸುಣ್ಣ ಕೈಗೆ ಕೊಡಿ. ನಮ್ಮ ಹುಡುಗಿಗೆ ಆ ಹತ್ತನೆಯ ಹೆಜ್ಜೆಗೆ ಮೂರು ವಾರ ಹಿಡಿಯಿತು. ಆ ಸಲದ ಬೆಲ್ಟ್ ಪರೀಕ್ಷೆಗೆ ಅವಳು ಹೋಗಲಿಲ್ಲ.